ನೋಡುವ ರೀತಿಯನ್ನೂ ತೋರಿಸಿ: ವನ್ಯಜೀವಿ ಚಿತ್ರ ಮಾಡುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ನಿರ್ದೇಶಕರೇ, ಛಾಯಾಗ್ರಾಹಕರೇ, ಅವರೊಂದಿಗೆ ದುಡಿಯುವ ಸಂರಕ್ಷಣಾ ಕಾರ್ಯಕರ್ತರೇ,

ನರಗುಂದ ತಾಲ್ಲೂಕಿನ ಚಿಕ್ಕನರಗುಂದದಿಂದ ಬರೆಯುತ್ತಿದ್ದೇನೆ. ನಮ್ಮದು ಎರೆ ಹೊಲಗಳ ಸೀಮೆ. ಕಡಲು ದೂರ, ದಟ್ಟ ಕಾಡೂ ದೂರ. ಆದರೂ ನಿಮ್ಮ ಕೆಲಸ ನಮ್ಮನ್ನು ಮುಟ್ಟಿದೆ. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ ಬಂದಾಗ ನಮ್ಮ ನಾಡಿನ ಜೀವಸಂಪತ್ತು ಕಂಡು ಹೆಮ್ಮೆಪಟ್ಟೆವು. 2022ರ ಅಕ್ಟೋಬರಿನಲ್ಲಿ ‘ಗಂಧದ ಗುಡಿ’ ಬಂದಾಗ ಪುನೀತ್ ರಾಜ್‌ಕುಮಾರ್ ಅವರ ಜೊತೆ ನಾವೂ ಕಾಡು ಸುತ್ತಿದೆವು, ಕಡಲಿಗೆ ಇಳಿದೆವು. ಅದಕ್ಕೆ ನಿಮಗೆ ಮನಸಾರೆ ಕೃತಜ್ಞತೆ.

ಕೇಳಬೇಕಾದ ಮಾತೊಂದಿದೆ. ಪ್ರಾಣಿಯನ್ನು ತೋರಿಸುವಾಗ ಅದನ್ನು ಹೇಗೆ ನೋಡಬೇಕೆಂಬುದನ್ನೂ ತೋರಿಸಿ. ನಿಮ್ಮ ಚಿತ್ರ ನೋಡಿ ಗಾಡಿ ಕಟ್ಟಿಕೊಂಡು ಹೊರಡುವ ಜನರ ಹೊಣೆ ಅರಣ್ಯ ಇಲಾಖೆಯದಷ್ಟೇ ಅಲ್ಲ, ನಿಮ್ಮದೂ ಹೌದು.

ಚಿತ್ರದ ಶಕ್ತಿ ಎಷ್ಟೆಂದು ತಿಮಿಂಗಿಲ ಶಾರ್ಕಿನ ಕಥೆ ಹೇಳುತ್ತದೆ. ಜಗತ್ತಿನ ಅತಿ ದೊಡ್ಡ ಮೀನು ಅದು. ತಿನ್ನುವುದು ಮಾತ್ರ ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಸಣ್ಣ ಸಿಗಡಿ, ಮೀನುಗಳನ್ನು. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಅದನ್ನು ಗಾಳ ಹಾಕಿ, ಪೀಪಾಯಿ ಕಟ್ಟಿ, ದಣಿಸಿ ಕೊಲ್ಲುತ್ತಿದ್ದರು. ಮೈಕ್ ಪಾಂಡೆ ಅವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಆ ಬೇಟೆಯನ್ನು ದೇಶದ ಕಣ್ಣಿಗೆ ತಂದಿತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಅದು ಸೇರಿತು. ಆದರೆ ಕಾನೂನೊಂದೇ ಮೀನನ್ನು ಉಳಿಸಲಿಲ್ಲ. ಅದು ಹೆರಿಗೆಗೆ ತವರಿಗೆ ಬರುವ ಮಗಳಿದ್ದಂತೆ ಎಂದು ರಾಮಕಥೆ ಹೇಳುವ ಮೊರಾರಿ ಬಾಪು ಊರೂರಿನ ಮೀನುಗಾರರಿಗೆ ಹೇಳಿದರು. ಬಲೆಗೆ ಬಿದ್ದ ಮೀನನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಮುಂದೆ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಕ್ಯಾಮೆರಾಗಳನ್ನು ಮೀನುಗಾರರ ಕೈಗೇ ಕೊಟ್ಟಿತು. ಬಿಡುಗಡೆಯ ಚಿತ್ರ ತೆಗೆದವರು ಅವರೇ, ಪರಿಹಾರಕ್ಕೆ ಸಾಕ್ಷಿಯೂ ಅದೇ. ನೂರಾರು ಮೀನುಗಳು ಹೀಗೆ ಕಡಲಿಗೆ ಮರಳಿದವು.

ಅದೇ ಮೀನನ್ನು ನೋಡಲು ಜನ ಬರತೊಡಗಿದರೆ ಏನಾಗುತ್ತದೆ? ಫಿಲಿಪ್ಪೀನ್ಸ್ ದೇಶದಲ್ಲೇ ಎರಡು ಉತ್ತರಗಳಿವೆ. ಡೊನ್ಸೋಲ್ ಎಂಬ ಊರಿನಲ್ಲಿ ಒಂದು ಮೀನಿಗೆ ಒಂದೇ ದೋಣಿ, ಒಂದು ದೋಣಿಯಿಂದ ಆರೇ ಜನ, ಮುಟ್ಟುವಂತಿಲ್ಲ ಎಂಬ ನಿಯಮ ಮಾಡಿಕೊಂಡರು. ಓಸ್ಲೋಬ್‌ನಲ್ಲಿ ದೋಣಿಯಿಂದ ಸಿಗಡಿ ಎಸೆದು ಮೀನುಗಳನ್ನು ದಡದ ಹತ್ತಿರವೇ ಇರಿಸಿಕೊಂಡರು. ಊರಿಗೆ ದುಡ್ಡು ಬಂತು, ಮೀನಿನ ನಡೆ ಬದಲಾಯಿತು. ವಲಸೆ ಹೋಗಬೇಕಾದ ಕೆಲವು ಮೀನುಗಳು ಅಲ್ಲೇ ಹೆಚ್ಚು ಕಾಲ ಉಳಿಯತೊಡಗಿದವು, ದೋಣಿಗೆ ಹೆದರುವುದನ್ನು ಮರೆತವು. ಡೊನ್ಸೋಲ್‌ನಲ್ಲಿ ತೆಗೆದ ಫೋಟೊ, ಓಸ್ಲೋಬ್‌ನಲ್ಲಿ ತೆಗೆದ ಫೋಟೊ ಅಕ್ಕಪಕ್ಕ ಇಟ್ಟರೆ ಎರಡೂ ಚೆಂದವೇ. ಚೌಕಟ್ಟಿನ ಆಚೆ ಏನಿದೆ ಎಂದು ಹೇಳಬೇಕಾದವರು ನೀವು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸುಮಾರು 134 ಎಕರೆಯದು. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಜನ ಕಟ್ಟಿಕೊಂಡ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ, ಮಂಗೋಲಿಯಾದಂಥ ದೂರದ ನೆಲದಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಇಲ್ಲಿಗೆ ಬಂದಿಳಿಯುತ್ತವೆ. 2024ರ ಜನವರಿಯಲ್ಲಿ ಇದು ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂದು ಘೋಷಣೆಯಾಯಿತು. ಅಘನಾಶಿನಿ ಅಳಿವೆ, ಅಂಕಸಮುದ್ರ ಕೆರೆಗಳಿಗೂ ಆಗಲೇ ಆ ಮಾನ್ಯತೆ ಸಿಕ್ಕಿತು. ಹೆಸರು ದೊಡ್ಡದಾದಷ್ಟೂ ಕ್ಯಾಮೆರಾಗಳು ಹೆಚ್ಚುತ್ತವೆ. ಒಂದೇಟಿಗೆ ಹಾರುವ ಹಿಂಡಿನ ದೃಶ್ಯ ಪರದೆಯ ಮೇಲೆ ಎಲ್ಲರಿಗೂ ಇಷ್ಟ. ಆದರೆ ಆ ದೃಶ್ಯಕ್ಕಾಗಿ ಡ್ರೋನ್ ಬಿಟ್ಟರೆ, ಚಪ್ಪಾಳೆ ತಟ್ಟಿದರೆ, ಹಾರಿದ ಹಕ್ಕಿ ಖರ್ಚು ಮಾಡುವುದು ಮರಳಿ ಹಿಮಾಲಯ ದಾಟಲು ಮೈಯಲ್ಲಿ ಕೂಡಿಟ್ಟುಕೊಂಡ ಶಕ್ತಿಯನ್ನು.

ಇನ್ನೊಂದು ವಿಷಯ ಪರದೆಯ ಮೇಲೆ ಬರುವುದು ಅಪರೂಪ. ಹಗಲು ಕೆರೆಯಲ್ಲಿ ತೇಲುವ ಹೆಬ್ಬಾತುಗಳು ಕತ್ತಲಾಗುತ್ತಲೇ ಸುತ್ತಲಿನ ಹೊಲಗಳಿಗೆ ಇಳಿದು ಮೇಯುತ್ತವೆ. ಕೆರೆ ಅರಣ್ಯ ಇಲಾಖೆಯ ಕಾವಲಿನಲ್ಲಿದೆ, ಹೊಲ ರೈತನದು. ಹಕ್ಕಿಗೆ ಉಣಿಸುವವನು ಅವನೇ. ಅವನನ್ನು ಬಿಟ್ಟು ತೆಗೆದ ಚಿತ್ರ ಅರ್ಧ ಚಿತ್ರ. ನೆಲ, ನೀರಿನ ವಿಷಯವನ್ನು ರೈತನನ್ನು ಕೇಳದೆ ತೀರ್ಮಾನಿಸಿದರೆ ಏನಾಗುತ್ತದೆಂದು ನಮ್ಮ ತಾಲ್ಲೂಕಿಗೆ ಗೊತ್ತು. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದದಲ್ಲಿ ಗೋಲಿಬಾರ್ ಆಯಿತು. ಅಂದು ಹುತಾತ್ಮರಾದ ಈರಪ್ಪ ಕಡ್ಲಿಕೊಪ್ಪ ನಮ್ಮ ಊರಿನವರು. ಸಂರಕ್ಷಣೆಯೂ ಮೇಲಿನಿಂದ ಇಳಿಯುವ ಆಜ್ಞೆಯಾದರೆ ರೈತ ಅದನ್ನು ತನ್ನದೆಂದು ಒಪ್ಪುವುದಿಲ್ಲ.

ಅದಕ್ಕೇ ಕೇಳುತ್ತೇನೆ: ಎಷ್ಟು ದೂರದಿಂದ, ಎಷ್ಟು ಕಾಲ ಕಾದು ಚಿತ್ರೀಕರಿಸಿದಿರಿ ಎಂಬುದೂ ಚಿತ್ರದೊಳಗೇ ಇರಲಿ. ಗೂಡು, ಮರಿಗಳ ನಿಖರ ಜಾಗ ಹೇಳಬೇಡಿ. ಹಿಂಡು ತಾನಾಗಿ ಹಾರುವವರೆಗೆ ಕಾಯಿರಿ, ಕಾದದ್ದನ್ನೂ ತೋರಿಸಿ. ದಾರಿ ತೋರುವ ಕೆಲಸ, ಊಟ-ವಸತಿಯ ಸಂಪಾದನೆ ಊರಿನ ಹುಡುಗ ಹುಡುಗಿಯರಿಗೆ ಸಿಗುವಂತೆ ಪ್ರವಾಸಿಗರಿಗೆ ತಿಳಿಹೇಳಿ. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿಯುವವರಿಗೆ ಹವಳ ಮುಟ್ಟಬೇಡಿ, ಮೀನಿಗೆ ತಿನಿಸಬೇಡಿ ಎಂದು ನೀವು ಹೇಳಿದರೆ ಅದು ಯಾವ ಫಲಕಕ್ಕಿಂತಲೂ ಹೆಚ್ಚು ನಾಟುತ್ತದೆ.

ಮುಂದಿನ ನವೆಂಬರಿನಲ್ಲಿ ಹೆಬ್ಬಾತುಗಳು ಬರುವ ಮುಂಚೆ, ಅವುಗಳನ್ನು ನೋಡುವ ರೀತಿಯ ಬಗ್ಗೆ ಕನ್ನಡದಲ್ಲಿ ಒಂದು ಕಿರುಚಿತ್ರ ಮಾಡಿ. ಕೆಲವು ದೃಶ್ಯಗಳನ್ನಾದರೂ ಊರಿನ ಮಕ್ಕಳೇ ತೆಗೆಯಲಿ. ಮೊದಲ ಪ್ರದರ್ಶನ ಮಾಗಡಿಯಲ್ಲೇ ನಡೆಯಲಿ. ಶೇಂಗಾ, ಕಡಲೆ ಬೆಳೆಯುವ ರೈತರು ಮುಂದಿನ ಸಾಲಿನಲ್ಲಿ ಕೂರಲಿ. ತಪ್ಪಿದ್ದರೆ ಅವರು ನೇರವಾಗಿ ಹೇಳುತ್ತಾರೆ. ತಿದ್ದಿಕೊಂಡು ಆಮೇಲೆ ಬೆಂಗಳೂರಿಗೆ ಒಯ್ಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಚಿಕ್ಕನರಗುಂದದ ಒಬ್ಬ ಪ್ರೇಕ್ಷಕ