ಸೆನ್ಸರ್ ಮೀಮಾಂಸೆ: ಹಳೇ ಮಾರುತಿಯ ಪ್ರಮಾಣಶಾಸ್ತ್ರಕ್ಕೊಂದು ಪೀಠಿಕೆ

1983ರಲ್ಲಿ ಅವತರಿಸಿದ ಮಾರುತಿ 800ರ ಚರಿತ್ರೆಯನ್ನು ಕಾರ್ಬ್ಯುರೇಟರ್ ಯುಗ, ಎಂಪಿಎಫ್‌ಐ (ಪೆಟ್ರೋಲನ್ನು ಕಂಪ್ಯೂಟರ್ ಚಿಮ್ಮಿಸುವ) ಯುಗ ಎಂದು ಎರಡಾಗಿ ಸೀಳುವ ಬಗ್ಗೆ ವಿದ್ವಾಂಸರಲ್ಲಿ ತಕರಾರಿಲ್ಲ. ಮೊದಲ ಯುಗದಲ್ಲಿ ಸಕಲ ರೋಗಕ್ಕೂ ಕಾರಣ ಕಸ, ಎರಡನೆಯದರಲ್ಲಿ ಸೆನ್ಸರ್. ಬೆಳಗ್ಗೆ ಸ್ಟಾರ್ಟ್ ಆಗದಿದ್ದರೂ ಸೆನ್ಸರ್, ಸಿಗ್ನಲ್ಲಿನಲ್ಲಿ ಆಫ್ ಆದರೂ ಸೆನ್ಸರ್, ಪೆಟ್ರೋಲ್ ಕುಡಿದರೂ ಸೆನ್ಸರ್. ಈ ಅದ್ವೈತದ ಪ್ರತಿಪಾದಕರೇ ಗ್ಯಾರೇಜಿನ ‘ಚೇಂಜ್ ಮಾಡ್ಬಿಡಿ ಸಾರ್’ ಪಂಥದವರು. ಅವರಿಗೆ ಶಬ್ದವೊಂದೇ ಪ್ರಮಾಣ, ಅದೂ ಮೇಸ್ತ್ರಿಯ ಶಬ್ದ. ಪ್ರಸ್ತುತ ಲೇಖಕನಾದರೋ ಪ್ರತ್ಯಕ್ಷವಾದಿ; ಕೈಯಲ್ಲಿ ಡಿಜಿಟಲ್ ಮಲ್ಟಿಮೀಟರ್.

ಪೂರ್ವಪಕ್ಷ: ಸ್ಕ್ಯಾನರ್ ಸಿಕ್ಕಿಸಿದರಾಯಿತಲ್ಲ? ಇಲ್ಲ. ನಮ್ಮಲ್ಲಿ ಸ್ಕ್ಯಾನರಿಗೆ ಬಾಯಿಬಿಡುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದದ್ದು 2013ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳು ಆ ಯಂತ್ರದೊಡನೆ ಮೌನವ್ರತದಲ್ಲಿವೆ.

ಆದ್ದರಿಂದ ಮೀಟರೇ ಗತಿ. ಥ್ರಾಟಲ್ ಸೆನ್ಸರಿನದು ಸರಳ ಪ್ರಕರಣ. ಆಕ್ಸಿಲರೇಟರ್ ಮೆಲ್ಲಗೆ ಒತ್ತುತ್ತ ಹೋದರೆ ಸಿಗ್ನಲ್ ತಂತಿಯ ವೋಲ್ಟೇಜು ಸುಮಾರು ಅರ್ಧದಿಂದ ನಾಲ್ಕರ ಮೇಲಕ್ಕೆ ತಡವರಿಸದೆ ಏರಬೇಕು. ಆಕ್ಸಿಜನ್ ಸೆನ್ಸರ್ ಮಾತ್ರ ಸುಮಾರು 300 ಡಿಗ್ರಿ ಕಾಯದೆ ಬಾಯಿ ಬಿಡುವುದಿಲ್ಲ; ಆಮೇಲೆ 0.1 ಮತ್ತು 0.9 ವೋಲ್ಟಿನ ನಡುವೆ ಹೊಯ್ದಾಡುತ್ತದೆ. ಅತ್ತಿತ್ತ ಜಿಗಿಯುತ್ತಿದ್ದರೆ ಆರೋಗ್ಯ, ಒಂದೇ ಕಡೆ ನಿಂತರೆ ರೋಗ. ನಮ್ಮ ಕೆಲವು ಶಾಸಕರನ್ನು ಈ ಮಾನದಂಡದಿಂದ ಅಳೆದರೆ ಪರಮ ಆರೋಗ್ಯವಂತರು.

ಇಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ಹೇಳುತ್ತದೆ. ಬೆಂಗಳೂರು 900 ಮೀಟರಿಗೂ ಮಿಕ್ಕ ಎತ್ತರದಲ್ಲಿದೆ; ಮಂಗಳೂರಿಗಿಂತ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಕಡಲಮಟ್ಟದ ಅಂಕಿ ಬರಲಿಲ್ಲವೆಂದು ಬೆಂಗಳೂರಿನ ಸೆನ್ಸರನ್ನು ಗಲ್ಲಿಗೇರಿಸುವುದು ಶಾಸ್ತ್ರಸಮ್ಮತವಲ್ಲ.

ಇನ್ನು ಕೂಲಂಟ್ ಸೆನ್ಸರ್. ಪೆಟ್ರೋಲ್ ಕುಡಿತದ ಮೊಕದ್ದಮೆಯಲ್ಲಿ ಮೊದಲ ಆರೋಪಿ ಇದೇ. ಬಿಸಿಯೇರಿದಂತೆ ಇದರ ರೋಧ ಇಳಿಯಬೇಕು: 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80ರಲ್ಲಿ ಕೆಲವೇ ನೂರು. ತಂತಿ ಕಡಿದರೆ ರೋಧ ಅನಂತ. ಆಗ ಇಂಜಿನ್ನಿನ ಕಂಪ್ಯೂಟರಾದ ಇಸಿಯು, ರಾಯಚೂರಿನ ಮೇ ತಿಂಗಳಲ್ಲೂ ಇಂಜಿನ್ ಹಿಮಾಲಯದಲ್ಲಿ ನಡುಗುತ್ತಿದೆಯೆಂದು ಭಾವಿಸಿ, ಮರುಕದಿಂದ ಪೆಟ್ರೋಲ್ ಸುರಿಯುತ್ತದೆ. ಆದ್ದರಿಂದ ಸಿದ್ಧಾಂತ: ಸೆನ್ಸರಿಗೆ ಶಿಕ್ಷೆ ವಿಧಿಸುವ ಮುನ್ನ ಕನೆಕ್ಟರ್ ಕಳಚಿ ನೋಡತಕ್ಕದ್ದು. ಅಲ್ಲಿನ ಹಸಿರು ಕಿಲುಬು, ಸಡಿಲಗೊಂಡ ಅರ್ತಿಂಗ್ ತಂತಿ, ಇಲಿಯ ಹಲ್ಲು ಇವೆಲ್ಲ ತಾವು ಮಾಡಿದ ಪಾಪವನ್ನು ಸೆನ್ಸರಿನ ತಲೆಗೆ ಕಟ್ಟುವುದು ಹಳೇ ಪದ್ಧತಿ.

ಕನೆಕ್ಟರ್ ನಿರಪರಾಧಿಯಾದರೆ, ತಣಿದ ಇಂಜಿನ್ನಿನಿಂದ ಸೆನ್ಸರ್ ಬಿಚ್ಚಿ, ತುದಿಯನ್ನು ನೀರಿನಲ್ಲಿಟ್ಟು ಕಾಯಿಸಿ, ಥರ್ಮಾಮೀಟರ್ ಮತ್ತು ಮೀಟರನ್ನು ಒಟ್ಟಿಗೆ ಓದಬೇಕು. ಯಾವ ಪಾತ್ರೆ ಎಂಬಲ್ಲಿ ಗೃಹಿಣಿಯರಿಗೂ ಸಂಶೋಧಕರಿಗೂ ತೀವ್ರ ಭಿನ್ನಮತವಿದೆ. ಈ ಒಂದು ವಿಷಯದಲ್ಲಿ ಗೃಹಿಣಿಯರ ಪಕ್ಷವೇ ಸರಿ: ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಹಾಲಿನ ಪಾತ್ರೆ ಮುಟ್ಟಬೇಡಿ, ಗುಜರಿಗೆ ಹೋಗಲಿರುವ ಡಬ್ಬವೊಂದನ್ನು ಹುಡುಕಿಕೊಳ್ಳಿ.