ಗಾಳಿ ಹೋತೇನ್ರಿ?

ಆಪರೇಷನ್ ಆದವರಿಗೆ ಏನು ಕೊಡಬಾರದು ಎಂಬ ವಿಷಯದಲ್ಲಿ ನಮ್ಮ ಕುಬಿಹಾಳದ ಮಂದಿಯೆಲ್ಲ ಪಂಡಿತರೇ. ಅನ್ನ ಉಂಡರೆ ಗಾಯ ಕೀವಾಗುತ್ತದೆ, ಜೋಳದ ರೊಟ್ಟಿ ಜಡ, ಶೇಂಗಾ ಪಿತ್ತ, ಕಡಲೆ ವಾಯು, ಬದನೆಕಾಯಿ ನಂಜು, ಮೆಣಸಿನಕಾಯಿಯಂತೂ ಕೇಳಲೇಬೇಡಿ. ಹೀಗೆ ಕಳೆಯುತ್ತ ಹೋದರೆ ಕುಂದಗೋಳ ತಾಲೂಕಿನ ಎರೆಹೊಲದ ಬೆಳೆಯಲ್ಲಿ ರೋಗಿಯ ಪಾಲಿಗೆ ಉಳಿಯುವುದು ಹತ್ತಿ ಒಂದೇ. ಅದನ್ನು ಸಿಸ್ಟರ್ ಆಗಲೇ ಗಾಯದ ಮೇಲೆ ಇಟ್ಟಿರುತ್ತಾರೆ.

ನಮ್ಮ ಕಾಕಾನಿಗೆ ಹುಬ್ಬಳ್ಳಿಯಲ್ಲಿ ಅಪೆಂಡಿಕ್ಸ್ ತೆಗೆದರು. ಬೆಳಿಗ್ಗೆ ಆಪರೇಷನ್. ಸಂಜೆ ರೌಂಡ್ಸಿಗೆ ಬಂದ ಡಾಕ್ಟರ್ ಬಾಯಾರು, "ಕಾಕಾರ, ಈಗ ಒಂದೀಟು ಗಂಜಿ ಕುಡೀರಿ. ವಾಂತಿ ಬರಲಿಲ್ಲಂದ್ರ ನಾಳೆ ಇಡ್ಲಿ ತಿನ್ನೂಣು" ಎಂದರು. ಕಾಕಾನ ಮುಖ ಅರಳಿತು. ಕಾಕು ಮಾತ್ರ ಬುತ್ತಿಗಂಟನ್ನು ಮಂಚದ ಕೆಳಗೆ ಇನ್ನಷ್ಟು ಒಳಗೆ ತಳ್ಳಿ, "ಅಲ್ರೀ ಬಾಯಾರ, ಇನ್ನೂ ಗಾಳೀನ ಹೋಗಿಲ್ಲ!" ಎಂದು ವಾರ್ಡಿಗೆಲ್ಲ ಕೇಳುವಂತೆ ತಕರಾರು ತೆಗೆದಳು.

ಕಾಕುವಿನದು ತಪ್ಪಲ್ಲ. ಹೊಟ್ಟೆ ಕೊಯ್ದವರಿಗೆ ಗಾಳಿ ಹೋಗುವ ತನಕ ಬಾಯಿಗೆ ಏನೂ ಇಲ್ಲ ಎಂಬುದು ಬಹುಕಾಲ ಡಾಕ್ಟರುಗಳದೇ ಕಾನೂನಾಗಿತ್ತು. ಜನ್ಮವಿಡೀ ನಾಲ್ಕು ಮಂದಿಯ ನಡುವೆ ಬಿಗಿಹಿಡಿದು ಕೂತ ಹಿರಿಯರು ಅದೊಂದಕ್ಕಾಗಿ ಹರಕೆ ಹೊರುತ್ತಿದ್ದರು. ಹೋಯಿತೆಂದರೆ ಊರಿಗೆ ಫೋನು, ಪಕ್ಕದ ಮಂಚದವರಿಂದ ಶಹಬ್ಬಾಸ್‌ಗಿರಿ.

ಗಾಳಿ ಎಂಬುದು ದೊಡ್ಡ ಕರುಳಿನ ಸಮಾಚಾರ. ದೊಡ್ಡ ಆಪರೇಷನ್ ಆದಾಗ ಆ ಮೈಗಳ್ಳ ಏಳಲು ಎರಡು ಮೂರು ದಿನ ಬೇಕು. ಉಂಡದ್ದನ್ನು ಅರಗಿಸುವ ಸಣ್ಣ ಕರುಳು ಮಾತ್ರ ಕೆಲವೇ ತಾಸಿನಲ್ಲಿ ಕೆಲಸಕ್ಕೆ ಹಾಜರು. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್, ಕರುಳನ್ನೇ ಕತ್ತರಿಸಿ ಹೊಲಿದವರಿಗೂ ಬೇಗ ಉಣಿಸಿ, ಬೇಗ ನಡೆಸಿ, ಬೇಗ ಮನೆಗೆ ಕಳಿಸಿ ತೋರಿಸಿದರು. ಕೆಲವು ಕಡೆ ಚೂಯಿಂಗ್ ಗಮ್ ಅಗಿಯಲು ಕೊಡುವುದೂ ಉಂಟು. ಬಾಯಾಡಿದರೆ ಊಟ ಬಂತೆಂದು ಕರುಳು ಎಚ್ಚರವಾಗುತ್ತದಂತೆ. ಇದನ್ನು ಕೇಳಿದ್ದೇ ತಡ ಕಾಕಾ, "ಹಂಗಾರ ಎಲಿ-ಅಡಿಕಿ ನಡೀತೈತೇನ್ರಿ?" ಎಂದ. ಬಾಯಾರು ಕೇಸ್ ಪೇಪರ್‌ನಿಂದ ತಲೆ ಎತ್ತಲಿಲ್ಲ.

ರಾತ್ರಿ ಗಂಜಿ ಇಳಿಯಿತು, ನಿಂತಿತು. ಹೊಲಿಗೆ ಬಿಚ್ಚಲಿಲ್ಲ. ಮರುದಿನ ಇಡ್ಲಿಯೂ ಹೋಯಿತು, ಗಾಳಿ ಅದರ ಹಿಂದಿನಿಂದ ತನ್ನ ಪಾಡಿಗೆ ತಾನು ಹೋಯಿತು. ಅಷ್ಟರೊಳಗೆ ರೋಗಿಯನ್ನು ನೋಡಲು ಬಂದವರು ಮಂಚದ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿ, ರೊಟ್ಟಿ-ಪುಂಡಿಪಲ್ಲೆ ಮುಗಿಸಿ, ಕಾಕಾನಿಗೆ "ಬಾಯಿ ಕಟ್ಟಬೇಕಪಾ" ಎಂದು ಬುದ್ಧಿ ಹೇಳಿ ಕುಂದಗೋಳದ ಬಸ್ಸು ಹಿಡಿದಿದ್ದರು.

ಗಾಯ ಮಾಯಲು ಬೇಳೆ, ಕಾಳು, ಮೊಸರು, ತತ್ತಿ ಬೇಕೇ ಬೇಕು. ನಿಮ್ಮವರಿಗೆ ಆಪರೇಷನ್ ಆದರೆ ಯಾವಾಗ ಉಣಿಸಬೇಕೆಂದು ಡಾಕ್ಟರನ್ನು ನೀವೇ ಕೇಳಿ. ಅವರು ತಡೆಯಿರಿ ಎಂದರೆ ತಡೆಯಿರಿ. ಕೊಡಿ ಎಂದರೆ ಮಾತ್ರ ಗಂಜಿಯ ವಾಟಗವನ್ನು ನೇರವಾಗಿ ರೋಗಿಯ ಕೈಗೇ ಕೊಡಿ, ನಡುವೆ ಕಾಕುಗಳಿರುತ್ತಾರೆ.