ಪ್ರಪೋಸಲ್ ಸರ್

ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯವರು ಒಮ್ಮೆ ಬಂದು ಹೋಗುತ್ತಾರೆ. ಪಹಣಿ, ಆದಾಯ ಪ್ರಮಾಣಪತ್ರ ಅಂತ ಬರುವವರು ವರ್ಷಕ್ಕೊಂದು ಸಲ. ಪ್ರಪೋಸಲ್ ಸರ್ ಮಾತ್ರ ಪೇಪರಿನ ಮೂಲೆಯಲ್ಲಿ ‘ಸಂಶೋಧನಾ ಧನಸಹಾಯಕ್ಕೆ ಅರ್ಜಿ ಆಹ್ವಾನ’ ಎಂಬ ಎರಡಿಂಚು ಪ್ರಕಟಣೆ ಕಂಡ ದಿನ, ನಾನು ಶಟರ್ ಎತ್ತುವ ಮೊದಲೇ ಬಂದು ನಿಂತಿರುತ್ತಾರೆ. ಹೆಗಲಲ್ಲಿ ಯಾವುದೋ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಕೊಟ್ಟ ಬ್ಯಾಗು. ಅದರ ಮೇಲೆ ಊರು, ವಿಷಯ, ಇಸವಿ ಎಲ್ಲ ಅಳಿಸಿ ‘ರಾಷ್ಟ್ರೀಯ’ ಅಷ್ಟೇ ಉಳಿದಿದೆ.

ಸರ್ ಇತಿಹಾಸದ ಮೇಷ್ಟ್ರು. ಇಂಥವರು ಯಾದಗಿರಿಯಲ್ಲೂ ಇದ್ದಾರೆ, ಸುರಪುರದಲ್ಲಂತೂ ಓಣಿಗೊಬ್ಬರು. ಸಂಸ್ಥಾನ ಇದ್ದ ಊರು ನೋಡಿ, ಅಲ್ಲಿ ತೊಗರಿಗಿಂತ ಇತಿಹಾಸದ ಬೆಳೆ ಜಾಸ್ತಿ. ನಮ್ಮ ಸರ್ ಹಿಡಿದದ್ದು ಒಂದೇ ವಿಷಯ, ರಾಜನಕೋಳೂರಿನ ಕಲ್ಲುಮನೆಗಳು. ಹುಣಸಗಿ ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾಯುಗದ ಗೋರಿಗಳು. ಅರ್ಜಿ ಟೈಪು ಮಾಡಿ ಮಾಡಿ ಪಿಯುಸಿ ಫೇಲಾದ ನನಗೂ ಅವುಗಳ ಚರಿತ್ರೆ ಬಾಯಿಪಾಠವಾಗಿದೆ. ಸುರಪುರದ ಎಳೆಯ ದೊರೆ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಲು ಬಂದ ಮೆಡೋಸ್ ಟೇಲರ್ 1850ರ ದಶಕದಲ್ಲೇ ಇವುಗಳ ಬಗ್ಗೆ ಬರೆದ. ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಟ್ಟಲೆ ಈ ಸೀಮೆ ತಿರುಗಿದರು. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬ ಅಗೆದರು. ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದೆ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನೇ ತೆರೆದು ತೋರಿಸಿದರು. ಇಷ್ಟೂ ‘ಪೂರ್ವಾಧ್ಯಯನಗಳ ಸಮೀಕ್ಷೆ’. ಅದರ ಕೆಳಗೆ ಸರ್ ತಪ್ಪದೆ ಬರೆಸುವ ಸಾಲು: ‘ಆದರೂ ಈ ಕ್ಷೇತ್ರದಲ್ಲಿ ಒಂದು ಗ್ಯಾಪ್ ಕಂಡುಬರುತ್ತದೆ.’

“ಗ್ಯಾಪ್ ಎಲ್ಲದ ಅಂತ ಬರೀಬೇಕಲ್ರಿ ಸರ?”

“ಅದನ್ನ ಹುಡುಕ್ಲಿಕ್ಕೇ ರೊಕ್ಕ ಕೇಳೋದು. ಈಗೇ ಹೇಳಿಬಿಟ್ರ ಅವರ್ಯಾಕ ಕೊಡ್ತಾರ?”

ಕಲ್ಲು ಕದಲಿಲ್ಲ, ಶೀರ್ಷಿಕೆ ಕದಲುತ್ತಲೇ ಬಂತು. ಯುಜಿಸಿಯ ಮೈನರ್ ರಿಸರ್ಚ್ ಪ್ರಾಜೆಕ್ಟ್ ಇದ್ದ ಕಾಲಕ್ಕೆ ಅದು ‘ಬೃಹತ್ ಶಿಲಾ ಸಂಸ್ಕೃತಿ’. ಮಹಿಳಾ ಅಧ್ಯಯನಕ್ಕೆ ಹಣ ಇದೆ ಅಂತ ಸುದ್ದಿಯಾದ ವರ್ಷ ‘ಬೃಹತ್ ಶಿಲಾ ಸಮಾಜದಲ್ಲಿ ಮಹಿಳೆ’. 2013ರಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ಜಾರಿಯಾದ ಮೇಲೆ ‘ಕಲ್ಲುಮನೆಗಳು ಮತ್ತು ಪ್ರಾದೇಶಿಕ ಅಸಮತೋಲನ’. ಈಗ ‘ಭಾರತೀಯ ಜ್ಞಾನ ಪರಂಪರೆಯಲ್ಲಿ ಚಪ್ಪಡಿ’. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆದಾಗ ನಾನು ಹಳೆಯ ಫೈಲಿನಲ್ಲಿ ‘ಹೈದರಾಬಾದ್’ ಇದ್ದಲ್ಲೆಲ್ಲ ‘ಕಲ್ಯಾಣ’ ಆಗಲಿ ಅಂತ ಒಂದೇ ಬಟನ್ ಒತ್ತಿದೆ. 1858ರ ಬಂಡಾಯದ ನಂತರ ಸುರಪುರ ಕಲ್ಯಾಣ ನಿಜಾಮನ ಪಾಲಾಯಿತು ಅಂತ ಅಚ್ಚಾಗಿ ಹೋಯಿತು. ಯಾರೂ ತಕರಾರು ಎತ್ತಲಿಲ್ಲ. ಯಾರಾದರೂ ಓದಿದ್ದರೆ ತಾನೆ.

ನಡುವೆ ಒಂದು ಸಲ ನಮ್ಮೂರಿನ ಗುಡ್ಡದ ಸಾಲಿನಲ್ಲಿ ಕಾಣುವ ಮಲಗಿದ ಬುದ್ಧನ ಮೇಲೂ ಅರ್ಜಿ ಹಾಕಿದ್ದರು. ಅವನೂ ಎದ್ದಿಲ್ಲ, ಉತ್ತರವೂ ಬಂದಿಲ್ಲ.

ಬಜೆಟ್ ಪುಟಕ್ಕೆ ಬಂದಾಗ ಸರ್ ಚಹಾ ತರಿಸುತ್ತಾರೆ. ಪುಸ್ತಕ, ಪ್ರಯಾಣ, ಕ್ಷೇತ್ರಕಾರ್ಯ, ಟೈಪಿಂಗು (ಇದು ನನ್ನ ಬಾಬತ್ತು, ನಾನೇ ಸ್ವಲ್ಪ ಏರಿಸುತ್ತೇನೆ), ಕೊನೆಗೆ ಕಂಟಿಂಜೆನ್ಸಿ. ಹಂಗಂದ್ರೇನ್ರಿ ಅಂತ ಕೇಳಿದ್ದೆ. “ಎಲ್ಲೂ ಕೂಡದ್ದು ಅಲ್ಲಿ ಕೂಡ್ತದ” ಅಂದರು. ಮುಂದೆ ಪ್ರಿನ್ಸಿಪಾಲರ ಸಹಿ, ದುಂಡು ಸೀಲು. ಸಹಿ ಮಾಡುವವರು ಊರಲ್ಲಿದ್ದರೆ ಸೀಲಿನ ಕೀಲಿ ಇಟ್ಟವ ರಜೆ. ಎರಡೂ ಕೂಡಿಬರುವ ಹೊತ್ತಿಗೆ ಕೊನೆಯ ದಿನಾಂಕ ಬಾಗಿಲಲ್ಲಿರುತ್ತದೆ. ರಾತ್ರಿ ಯಾದಗಿರಿ ಸ್ಟೇಷನ್ನಿಗೆ ಓಡಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಖುದ್ದಾಗಿ ಕೊಟ್ಟು ಬರುತ್ತಾರೆ. ಆ ಖರ್ಚು ಯಾವ ಬಾಬಿನಲ್ಲೂ ಕೂಡುವುದಿಲ್ಲ.

ಕಳೆದ ವರ್ಷ ಮಂಜೂರಾಗಿಯೇ ಬಿಟ್ಟಿತು! ಕೊಟ್ಟ ಸಂಸ್ಥೆಯ ಹೆಸರು ಬೇಡ. ಕೇಳಿದ್ದು 3 ಲಕ್ಷ, ಒಪ್ಪಿದ್ದು 60 ಸಾವಿರ, ಮೊದಲ ಕಂತು 30 ಸಾವಿರ. ಪತ್ರ ಕೈಗೆ ಬಂದದ್ದು ಮಾರ್ಚ್ 19ಕ್ಕೆ. ಮಾರ್ಚ್ 31ರೊಳಗೆ ಖರ್ಚು ಮಾಡಿ, 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕಳಿಸಬೇಕು. ಹದಿನಾಲ್ಕು ವರ್ಷ ಅರ್ಜಿ ಹಾಕಿದವರಿಗೆ ಸಂಶೋಧನೆಗೆ ಹನ್ನೆರಡು ದಿನ.

ಫೋಟೋ ತೆಗೆಯಲು ನನ್ನನ್ನೂ ಕರೆದುಕೊಂಡು ಹೋದರು. ಸುರಪುರ, ಹುಣಸಗಿವರೆಗೆ ಬಸ್ಸು. ಮಷಿನ್ ಟಿಕೆಟ್ಟಿನ ಅಕ್ಷರಗಳು ಆಡಿಟ್ ಹೊತ್ತಿಗೆ ಹಾರಿಹೋಗುತ್ತವೆ ಅಂತ ಅದನ್ನು ಅಲ್ಲೇ ಜೆರಾಕ್ಸ್ ಮಾಡಿಸಿದರು. ಅಲ್ಲಿಂದ ಟಂಟಂ. ಟಂಟಂನವರು ಬಿಲ್ಲು ಕೊಡುವುದು ಎಲ್ಲಾದರೂ ಉಂಟೇ? ಅದಕ್ಕೇ ನನ್ನ ಅಂಗಡಿಯಲ್ಲೇ ನಂಬರ್ ಹಾಕಿದ ರಶೀದಿ ಪುಸ್ತಕ ಮಾಡಿಸಿಕೊಂಡಿದ್ದರು.

ಕಲ್ಲುಮನೆ ಹತ್ತಿರ ಸರ್ ಬೇರೆಯೇ ಮನುಷ್ಯ. ಚಪ್ಪಲಿ ಬಿಟ್ಟರು. ಒಳಗೆ ನೆರಳಿಗೆ ಮಲಗಿದ್ದ ಎರಡು ಆಡುಗಳನ್ನು ಎಬ್ಬಿಸದೆ, ಬಗ್ಗಿ, ಚಪ್ಪಡಿಯ ಅಂಚಿಗೆ ಬೆರಳು ಆಡಿಸುತ್ತ ಹೋದರು. ಟೇಪಿನ ಒಂದು ತುದಿ ಕುರಿ ಕಾಯುವ ಹುಡುಗನ ಕೈಯಲ್ಲಿ. ಇಷ್ಟು ಭಾರದ ಕಲ್ಲನ್ನು ಹೇಗೆ ಎಬ್ಬಿಸಿ ನಿಲ್ಲಿಸಿದ್ದಾರು, ಬಾಗಿಲು ಯಾವ ದಿಕ್ಕಿಗೆ, ಯಾಕೆ, ಅಂತ ತಮ್ಮಷ್ಟಕ್ಕೇ ಹೇಳುತ್ತ ಅರ್ಧ ತಾಸು ಕಳೆದರು. ಆ ಅರ್ಧ ತಾಸು ಅವರ ಬಾಯಲ್ಲಿ ಪ್ರಾಜೆಕ್ಟ್ ಎಂಬ ಮಾತು ಬರಲಿಲ್ಲ. ಇದರಲ್ಲಿ ಒಂದಕ್ಷರವೂ ನಾನು ಯಾವ ಅರ್ಜಿಯಲ್ಲೂ ಟೈಪು ಮಾಡಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಟಂಟಂನವ ಬೀಡಿ ಆರಿಸಿ ಹತ್ತಿರ ಬಂದ. “ಯಾರ ಮನಿರಿ ಇವು?”

“ಸತ್ತವರವಪ್ಪ. ಎರಡು ಸಾವಿರ ವರ್ಷದ ಮ್ಯಾಲಾಯ್ತು.”

“ಸತ್ತವರಿಗೆ ಇಷ್ಟು ದೊಡ್ಡ ಮನಿ! ಅರ್ಜಿ ಎಲ್ಲಿ ಹಾಕಿದ್ರಂತರಿ?”

ಸರ್ ನಗಲಿಲ್ಲ. ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಂತೆ ಕಂಡಿತು.

ಹುಣಸಗಿಗೆ ವಾಪಸ್ ಬಂದು ಬಾಡಿಗೆ ಕೊಟ್ಟು ರಶೀದಿ ಮುಂದೆ ಹಿಡಿದರು. ಅವನು ಟಂಟಂನ ಸೀಟಿನ ಮೇಲೆ ಪುಸ್ತಕ ಇಟ್ಟು, ನಾಲಿಗೆ ಹೊರಚಾಚಿ, ನಿಧಾನಕ್ಕೆ ತನ್ನ ಹೆಸರು ತಿದ್ದಿದ. ಆಮೇಲೆ ಉಳಿದ ಹಾಳೆಗಳನ್ನು ಮಗುಚಿ ನೋಡಿದ.

“ಮುಂದಿನ ಮಾರ್ಚಿಗೂ ಬರ್ತೀರೇನ್ರಿ ಸರ? ಬರಂಗಿದ್ರ ಇವಕ್ಕೂ ಈಗೇ ಸಹಿ ಮಾಡಿ ಕೊಡ್ತೀನಿ, ತಗೋರಿ.”